ಅಕ್ಕಿಮುಡಿಯ ಹಾದಿ: ಬಸರೂರಿನ ಪಾರಂಪರಿಕ ನಡಿಗೆಯ ಒಂದು ವಿಮರ್ಶೆ

ಹಳೆಯ ಊರೊಂದರ ಕಟ್ಟಡ, ಕೇರಿ, ಶಾಸನ, ಆಚರಣೆಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಅರಿಯುವ ಕ್ರಮಕ್ಕೆ ಇಂದು ಪಾರಂಪರಿಕ ನಡಿಗೆ ಎಂಬ ಹೆಸರು ನೆಲೆಗೊಂಡಿದೆ. ನಗರಗಳಲ್ಲಿ ರೂಢಿಯಾಗಿರುವ ಈ ಕ್ರಮ ಸಣ್ಣ ಊರುಗಳಿಗೂ ಹಬ್ಬುತ್ತಿದ್ದು, ಅದಕ್ಕೆ ದೊರೆಯುತ್ತಿರುವ ಸ್ವಾಗತ ನ್ಯಾಯವಾದುದೇ ಆಗಿದ್ದರೂ ಆ ಸ್ವಾಗತಕ್ಕೆ ತಕ್ಕಷ್ಟು ವಿಮರ್ಶೆ ಅದಕ್ಕೆ ಒದಗಿಲ್ಲ. ನಡಿಗೆಯೂ ಒಂದು ರಚನೆಯೇ. ಯಾವ ಜಾಗದಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು, ಯಾವುದನ್ನು ತೋರಿಸಿ ಯಾವುದನ್ನು ದಾಟಿ ಹೋಗಬೇಕು, ನಿಂತ ಕಡೆ ಯಾರ ಮಾತಿಗೆ ಕಿವಿಗೊಡಬೇಕು ಎಂಬ ಆಯ್ಕೆಗಳಿಂದಲೇ ಅದು ರೂಪ ಪಡೆಯುತ್ತದೆ. ಆದ್ದರಿಂದ ಗ್ರಂಥವೊಂದನ್ನೋ ನಾಟಕಪ್ರಯೋಗವೊಂದನ್ನೋ ಒರೆಗೆ ಹಚ್ಚುವ ಹಾಗೆ ಅದನ್ನೂ ಒರೆಗೆ ಹಚ್ಚಬಹುದು, ಹಚ್ಚಬೇಕು. ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕಿನ ಬಸರೂರು ಈ ಪರೀಕ್ಷೆಗೆ ತಕ್ಕ ಊರು. ಒಂದು ಕಾಲಕ್ಕೆ ಅರಬ್ಬೀ ಸಮುದ್ರದ ಆಚೆ ದಂಡೆಯವರೆಗೆ ಹೆಸರಾಗಿದ್ದ ಈ ಬಂದರು ಇಂದು ಹಡಗುಗಳಿಲ್ಲದ, ಗದ್ದೆ ತೋಟಗಳ ನಡುವಿನ ಗ್ರಾಮವಾಗಿದೆ. ಬಂದರೇ ಉಳಿಯದ ಕಡೆ ಬಂದರಿನ ಪರಂಪರೆಯನ್ನು ನಡೆದು ಅರಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಅದು ನೇರವಾಗಿ ಮುಂದಿಡುತ್ತದೆ. ದೇವಾಲಯಗಳನ್ನು ಒಂದಕ್ಕೊಂದು ಪೋಣಿಸುವ ನಡಿಗೆ ಬಸರೂರನ್ನು ಮತ್ತೊಂದು ದೇಗುಲಗಳ ಊರಾಗಿ ಮಾತ್ರ ತೋರಿಸಬಲ್ಲದು. ಹೊಳೆಯಿಂದ ಹೊರಟು ಸರಕಿನ, ಅದರಲ್ಲಿಯೂ ಅಕ್ಕಿಯ, ಹಾದಿ ಹಿಡಿಯುವ ನಡಿಗೆಗೆ ಮಾತ್ರ ಅದು ಬಂದರಾಗಿ ಕಾಣಿಸುತ್ತದೆ ಎಂಬುದು ಇಲ್ಲಿ ಮಂಡಿಸುವ ವಾದ.

ಬಸರೂರು ಕಡಲಂಚಿನ ಊರಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಘಟ್ಟದಿಂದ ಇಳಿದು ಬರುವ ವಾರಾಹಿ ಹೊಳೆಯ ದಂಡೆಯಲ್ಲಿ, ಕುಂದಾಪುರ ಪಟ್ಟಣದಿಂದ ಕೆಲವೇ ಕಿಲೋಮೀಟರ್ ಮೂಡಣಕ್ಕೆ, ಅಂದರೆ ಸಮುದ್ರದಿಂದ ಸಾಕಷ್ಟು ಒಳಗೆ ಅದು ನೆಲೆಸಿದೆ. ವಾರಾಹಿ, ಸೌಪರ್ಣಿಕಾ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳು ಕುಂದಾಪುರದ ಬಳಿ ಒಂದುಗೂಡಿ ಪಂಚಗಂಗಾವಳಿ ಎನಿಸಿಕೊಂಡು, ಗಂಗೊಳ್ಳಿಯ ಅಳಿವೆಯಲ್ಲಿ, ಎಂದರೆ ಹೊಳೆಯ ನೀರು ಕಡಲಿಗೆ ಬೀಳುವ ಬಾಯಿಯಲ್ಲಿ, ಸಮುದ್ರವನ್ನು ಸೇರುತ್ತವೆ. ಕರಾವಳಿಯ ಹಳೆಯ ಬಂದರುಗಳು ಹೀಗೆ ಹೊಳೆಯ ಒಳಭಾಗದಲ್ಲಿ ಬೆಳೆದದ್ದಕ್ಕೆ ಕಾರಣಗಳಿವೆ. ತೆರೆದ ಕಡಲಿನ ಅಲೆಯಿಂದಲೂ ಕಡಲುಗಳ್ಳರ ದಾಳಿಯಿಂದಲೂ ಅಲ್ಲಿ ರಕ್ಷಣೆ ಇತ್ತು. ಬಾವಿಯಲ್ಲಿ ಸಿಹಿನೀರು ಸಿಗುತ್ತಿತ್ತು. ಒಳನಾಡಿನ ಬೈಲುಗಳಿಂದ ದೋಣಿಯಲ್ಲಿ ಬರುವ ಬೆಳೆಯೂ ಘಟ್ಟದ ಮೇಲಿನಿಂದ ಎತ್ತುಗಳ ಬೆನ್ನ ಮೇಲೆ ಇಳಿಯುವ ಮೆಣಸು ಮೊದಲಾದ ಸರಕೂ ಒಂದೆಡೆ ಕೂಡಲು ಅನುಕೂಲವಿತ್ತು. ದೊಡ್ಡ ಹಡಗುಗಳು ಅಳಿವೆಯ ಆಸುಪಾಸಿನಲ್ಲಿ ಲಂಗರು ಹಾಕಿದರೆ ಸಣ್ಣ ದೋಣಿಗಳು ಉಬ್ಬರದ ನೀರಿನೊಂದಿಗೆ ಒಳಗೆ ಬಂದು ಇಳಿತದೊಂದಿಗೆ ಹೊರಗೆ ಹೋಗುತ್ತಿದ್ದವು. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಈ ಊರಿನಲ್ಲಿ ಮೇಲಿನದು, ಕೆಳಗಿನದು ಎಂಬ ಎರಡು ನೆಲೆಗಳನ್ನು ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ 1623ರ ತನ್ನ ಪ್ರಯಾಣದಲ್ಲಿ ಗುರುತಿಸಿದ್ದಾನೆ. ಹಾಗಾಗಿ ಬಸರೂರಿನ ಬಂದರು ಎಂದರೆ ಒಂದು ದಕ್ಕೆಯಲ್ಲ, ಒಂದು ಕಟ್ಟಡವೂ ಅಲ್ಲ. ಬೈಲಿನಿಂದ ಅಳಿವೆಯವರೆಗೆ ಚಾಚಿಕೊಂಡ ಒಂದು ವ್ಯವಸ್ಥೆ. ಈ ವ್ಯವಸ್ಥೆಯನ್ನು ಕಾಣಿಸಲು ನಡಿಗೆಗೆ ಸಾಧ್ಯವಾಗುತ್ತದೆಯೇ ಎಂಬುದೇ ಅದರ ಮೌಲ್ಯವನ್ನು ನಿರ್ಧರಿಸಬೇಕಾದ ಅಳತೆಗೋಲು.

ಊರಿನ ಪ್ರಸಿದ್ಧಿಗೆ ಹೊರಗಿನವರ ಸಾಕ್ಷ್ಯವೂ ಒಳಗಿನ ಸಾಕ್ಷ್ಯವೂ ಇವೆ. 1340ರ ದಶಕದಲ್ಲಿ ಪಶ್ಚಿಮ ಕರಾವಳಿಗುಂಟ ಸಾಗಿದ ಇಬ್ನ್ ಬತೂತ ಅಬೂ ಸರೂರ್ ಎಂದು ಹೆಸರಿಸಿದ, ಹಿನ್ನೀರಿನ ದಂಡೆಯ ತೆಂಗಿನ ಮರಗಳ ಊರನ್ನು ಇತಿಹಾಸಕಾರರು ಬಸರೂರೆಂದೇ ಗುರುತಿಸುತ್ತಾರೆ. 16ನೇ ಶತಮಾನದ ಆರಂಭದಲ್ಲಿ ಬರೆದ ದುವಾರ್ತೆ ಬಾರ್ಬೋಸಾ ಇಲ್ಲಿಂದಲೂ ಪಕ್ಕದ ಬಾರಕೂರಿನಿಂದಲೂ ಅಕ್ಕಿ ತುಂಬಿಕೊಂಡು ಹೋಗುವ ಹಡಗುಗಳ ವಿಷಯ ತಿಳಿಸುತ್ತಾನೆ. ಗೋವೆಯ ಪೋರ್ಚುಗೀಸರಿಗೆ ಈ ಅಕ್ಕಿ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. 1569ರಲ್ಲಿ ಅವರು ಇಲ್ಲಿ ಕೋಟೆ ಕಟ್ಟಲು ಮುಂದಾದದ್ದಕ್ಕೂ, 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಇಲ್ಲಿಂದ ಹೊರಗಟ್ಟಿದ್ದಕ್ಕೂ ಹಿನ್ನೆಲೆಯಲ್ಲಿ ಇದ್ದದ್ದು ಇದೇ ವ್ಯಾಪಾರ. 1600ರಿಂದ 1650ರವರೆಗಿನ ಬಸರೂರಿನ ಅಕ್ಕಿ ವ್ಯಾಪಾರವನ್ನು ಕುರಿತು ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ 1984ರಲ್ಲಿ ಪ್ರಕಟಿಸಿದ ಅಧ್ಯಯನ, ಹಳ್ಳಿಯಂತೆ ಕಾಣುವ ಈ ಊರು ಹಿಂದೂ ಮಹಾಸಾಗರದ ಆರ್ಥಿಕತೆಯಲ್ಲಿ ಯಾವ ಸ್ಥಾನ ಪಡೆದಿತ್ತೆಂಬುದನ್ನು ಪೋರ್ಚುಗೀಸ್ ದಾಖಲೆಗಳ ಆಧಾರದಿಂದ ತೋರಿಸಿಕೊಟ್ಟಿದೆ. ಒಳಗಿನ ಸಾಕ್ಷ್ಯವೆಂದರೆ ಶಾಸನಗಳು. ವಿಜಯನಗರದ ಕಾಲದಲ್ಲಿ ಈ ಪ್ರದೇಶ ಬಾರಕೂರು ರಾಜ್ಯವೆಂಬ ಆಡಳಿತ ವಿಭಾಗಕ್ಕೆ ಸೇರಿತ್ತು; ಬಸರೂರಿನ ಶಾಸನಗಳು ಮೂಡುಕೇರಿ, ಪಡುವಕೇರಿಗಳ ಸೆಟ್ಟಿಕಾರರನ್ನು, ಎಂದರೆ ಸಂಘಟಿತರಾದ ವರ್ತಕರನ್ನು, ಊರಿನ ವ್ಯವಹಾರದಲ್ಲಿ ಅಧಿಕಾರವುಳ್ಳವರಾಗಿ ಹೆಸರಿಸುತ್ತವೆ. ಊರಿನ ಪ್ರಮುಖರ ಸಭೆಗೆ ಹಲರು ಎಂದೂ, ಅರಬ್ ನಾಡುಗಳ ಸಂಬಂಧವಿದ್ದ ವರ್ತಕರ ಸಂಘಕ್ಕೆ ಹಂಜಮಾನ ಎಂದೂ ಕರಾವಳಿಯ ಶಾಸನಗಳಲ್ಲಿ ಹೆಸರಿದೆ.

ಕರಾವಳಿಯ ಹಳೆಯ ಊರುಗಳಲ್ಲಿ ನಡಿಗೆಗಳು ಸಾಮಾನ್ಯವಾಗಿ ಹಿಡಿಯುವ ಕ್ರಮವನ್ನು ಬಸರೂರಿಗೆ ಅನ್ವಯಿಸಿದರೆ ಅದರ ರೂಪ ಸುಲಭವಾಗಿ ಊಹೆಗೆ ಸಿಗುತ್ತದೆ: ಮಹಾಲಿಂಗೇಶ್ವರ ದೇವಸ್ಥಾನದಿಂದ ಆರಂಭ, ಅಲ್ಲಿಂದ ಇತರ ಗುಡಿಗಳು, ಮರದ ಬೇರುಗಳು ಗೋಡೆಯ ಕಲ್ಲುಗಳನ್ನು ತಬ್ಬಿಕೊಂಡಿರುವ ತುಳುವೇಶ್ವರ ಗುಡಿಯ ಬಳಿ ಚಿತ್ರ ತೆಗೆದುಕೊಳ್ಳಲು ಒಂದು ನಿಲುಗಡೆ, ಕೊನೆಗೆ ಊರಿನ ಸ್ಥಾಪಕನೆಂದು ಸ್ಥಳಪುರಾಣ ಹೇಳುವ ವಸು ಚಕ್ರವರ್ತಿಯ ಕಥೆ. ಈ ಕ್ರಮದಲ್ಲಿ ಗುಣಗಳಿಲ್ಲವೆನ್ನಲಾಗದು. ವಾಹನದಲ್ಲಿ ಬಂದು ಒಂದು ಗುಡಿಯ ಮುಂದೆ ಇಳಿದು ಹತ್ತಿ ಹೋಗುವವನಿಗೆ ಎಂದಿಗೂ ತಿಳಿಯದ ಸಂಗತಿ ನಡೆಯುವವನಿಗೆ ತಿಳಿಯುತ್ತದೆ. ಕೇರಿಗೂ ಕೇರಿಗೂ, ಗುಡಿಗೂ ಪೇಟೆಗೂ ಇರುವ ಅಂತರ ಎಷ್ಟು ಕಿರಿದೆಂಬುದು ಕಾಲಿಗೇ ಗೊತ್ತಾಗುತ್ತದೆ. ಬೇರೆ ಬೇರೆ ನಂಬಿಕೆಯ ಜನ, ಬೇರೆ ಬೇರೆ ಮಾತಿನ ವರ್ತಕರು ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರದಲ್ಲಿ ಬದುಕಿದ್ದ ನೆಲವನ್ನು ತಾನೇ ನಡೆದು ಅಳೆಯುವುದು ಪುಸ್ತಕದ ಓದಿನಿಂದ ದೊರೆಯದ ಜ್ಞಾನ. ದೇವಸ್ಥಾನದ ಆವರಣದಲ್ಲಿ ನೆಟ್ಟ ಶಾಸನವನ್ನು ಅದು ಇರುವ ಜಾಗದಲ್ಲಿಯೇ ಕಾಣುವುದಕ್ಕೂ ಮುದ್ರಿತ ಪಾಠವನ್ನು ಓದುವುದಕ್ಕೂ ನಡುವೆ ದೊಡ್ಡ ವ್ಯತ್ಯಾಸವಿದೆ.

ಆ ಶಾಸನವನ್ನೇ ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಕ್ರಮದ ಕೊರತೆಯೂ ಹೊರಬೀಳುತ್ತದೆ. ವಿಜಯನಗರ ಕಾಲದ ಕರಾವಳಿಯ ದಾನಶಾಸನಗಳಲ್ಲಿ ಕಲ್ಲಿನ ತಲೆಯ ಭಾಗದಲ್ಲಿ ಲಿಂಗ, ಸೂರ್ಯಚಂದ್ರ, ಕರುವಿಗೆ ಹಾಲೂಡುವ ಹಸು ಮೊದಲಾದ ಕೆತ್ತನೆಗಳಿರುವುದು ವಾಡಿಕೆ. ಅದರ ಕೆಳಗೆ ಶಕವರ್ಷ, ಸಂವತ್ಸರ, ಆಳುವ ಅರಸು, ಬಾರಕೂರು ರಾಜ್ಯದ ಅಧಿಕಾರಿ, ದಾನಿ, ದಾನದ ಉದ್ದೇಶ, ಗದ್ದೆಯ ಎಲ್ಲೆಗಳು, ಅದರಿಂದ ವರ್ಷಂಪ್ರತಿ ಬರಬೇಕಾದ ಅಕ್ಕಿಯ ಮೂಡೆಗಳ ಲೆಕ್ಕ ಅಥವಾ ಗದ್ಯಾಣಗಳ, ಎಂದರೆ ಅಂದಿನ ನಾಣ್ಯಗಳ, ಲೆಕ್ಕ, ಸಾಕ್ಷಿಗಳು, ಕಡೆಗೆ ದಾನ ಕೆಡಿಸಿದವರಿಗೆ ಶಾಪ ಎಂಬ ಕ್ರಮದಲ್ಲಿ ಬರೆಹ ಸಾಗುತ್ತದೆ. ನಡಿಗೆಯ ವಿವರಣೆಕಾರರು ಸಾಮಾನ್ಯವಾಗಿ ಅರಸನ ಹೆಸರನ್ನೂ ಶಾಪವನ್ನೂ ಹೇಳಿ ಮುಂದೆ ಸಾಗುತ್ತಾರೆ. ಅರಸನ ಹೆಸರು ಕೇಳಿದ್ದಾಗಿರುತ್ತದೆ, ಶಾಪ ಸ್ವಾರಸ್ಯವಾಗಿರುತ್ತದೆ. ಆದರೆ ಬಂದರಿನ ಮಟ್ಟಿಗೆ ಶಾಸನದ ತಿರುಳು ಇರುವುದು ನಡುವಿನ ಒಣ ಲೆಕ್ಕದಲ್ಲಿ. ದೇವರ ಅಮೃತಪಡಿಗೆ, ಎಂದರೆ ನಿತ್ಯದ ಅನ್ನನೈವೇದ್ಯಕ್ಕೆ, ಇಷ್ಟು ಅಕ್ಕಿ ಎಂದು ಬರೆಸಿದ ದಾನಿಯ ಹಿಂದೆ ಗದ್ದೆಯಿದೆ, ಗೇಣಿಯಿದೆ, ದಾಸ್ತಾನಿದೆ, ಅದನ್ನು ಅಳೆಯುವ ಮಾಪವಿದೆ. ಅದೇ ಮಾಪದಲ್ಲಿ ಅಳೆದ ಅಕ್ಕಿ ಹಡಗಿಗೂ ಹೋಗುತ್ತಿತ್ತು. ಗುಡಿಯನ್ನು ಕಟ್ಟಿ ಬೆಳೆಸಿದ ಸಂಪತ್ತು ಯಾವುದೆಂಬ ಪ್ರಶ್ನೆಯನ್ನು ಗುಡಿಯ ಅಂಗಳದಲ್ಲಿಯೇ ಕೇಳದೆ ಮುಂದಿನ ಗುಡಿಗೆ ಹೋಗುವ ನಡಿಗೆ, ತಾನು ನಿಂತ ಕಡೆಯೇ ಇದ್ದ ಉತ್ತರವನ್ನು ಕೈಬಿಟ್ಟು ಹೋಗುತ್ತದೆ.

ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ವಸ್ತು ಅಕ್ಕಿಮುಡಿ. ಒಣಗಿದ ಬೈಹುಲ್ಲನ್ನು ನೆಲದ ಮೇಲೆ ಸುತ್ತಲೂ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ತುದಿಗಳನ್ನು ಮೇಲಕ್ಕೆ ಎತ್ತಿ ಕೂಡಿಸಿ ತಿರುಚಿ, ಹುಲ್ಲಿನದೇ ಹಗ್ಗವನ್ನು ಅಡ್ಡಕ್ಕೂ ಉದ್ದಕ್ಕೂ ಬಿಗಿಯಾಗಿ ಸುತ್ತುತ್ತ, ಮರದ ಕೊಡತಿಯಿಂದ ಸುತ್ತಲೂ ಬಡಿದು ಗುಂಡಗೆ ಮಾಡುವ ಈ ಕಟ್ಟು, ಕರಾವಳಿಯ ಕೃಷಿಕರ ಅತ್ಯಂತ ಪರಿಪಕ್ವವಾದ ಕೈಕೆಲಸಗಳಲ್ಲಿ ಒಂದು. ಬಡಿದಷ್ಟೂ ಒಳಗಿನ ಅಕ್ಕಿ ಒತ್ತಾಗಿ ಕೂರುತ್ತದೆ. ಗಾಳಿಗೂ ಹುಳುವಿಗೂ ಎಡೆ ಕಡಿಮೆಯಾಗುತ್ತದೆ. ಮಳೆಗಾಲದ ತೇವವನ್ನು ಹುಲ್ಲು ತಡೆದುಕೊಳ್ಳುತ್ತದೆ. ಗುಂಡಗಿರುವುದರಿಂದ ಉರುಳಿಸಬಹುದು, ತಲೆಯ ಮೇಲೆ ಹೊರಬಹುದು, ದೋಣಿಯಲ್ಲಿ ಒಂದರ ಮೇಲೊಂದು ಜೋಡಿಸಬಹುದು. ಮುಡಿ ಎಂಬುದು ಕಟ್ಟಿನ ಹೆಸರಷ್ಟೇ ಆಗಿರದೆ ಅಳತೆಯೂ ಆಗಿದ್ದು, ಒಂದು ಮುಡಿಗೆ 42 ಸೇರು ಎಂಬುದು ಕರಾವಳಿಯ ಬಹುಭಾಗದಲ್ಲಿ ರೂಢಿಯ ಲೆಕ್ಕ. ಗೇಣಿಯೂ ಮುಡಿಯಲ್ಲಿ, ಗದ್ದೆಯ ವಿಸ್ತಾರವೂ ಅದಕ್ಕೆ ಬೇಕಾಗುವ ಬಿತ್ತನೆಯ ಮುಡಿಯ ಲೆಕ್ಕದಲ್ಲಿ ನಡೆಯುತ್ತಿತ್ತು. ಶಾಸನದ ಮೂಡೆಯಿಂದ ಇತ್ತೀಚಿನವರೆಗೆ ಅಟ್ಟದ ಮೇಲೆ ಕೂರುತ್ತಿದ್ದ ಮುಡಿಯವರೆಗೆ, ಬೈಲಿನಿಂದ ಗುಡಿಯವರೆಗೆ, ಮಂಡಿಯಿಂದ ಹಡಗಿನವರೆಗೆ ಬಸರೂರಿನ ಬದುಕಿನ ಎಲ್ಲ ನೆಲೆಗಳನ್ನೂ ದಾಟಿ ಹೋಗುವ ವಸ್ತು ಇದೊಂದೇ. ಮುಡಿ ಕಟ್ಟಬಲ್ಲ ಕೈಗಳು ಕುಂದಾಪುರದ ಸೀಮೆಯಲ್ಲಿ ಅಪರೂಪವಾಗುತ್ತಿರುವ ಈ ಹೊತ್ತಿನಲ್ಲಿ, ಕೆತ್ತಿದ ಕಂಬಕ್ಕೆ ಸಲ್ಲುವ ಗೌರವ ಆ ಕೈಗಳಿಗೂ ಸಲ್ಲದಿದ್ದರೆ ಪರಂಪರೆಯ ಹೆಸರಿನ ನಡಿಗೆ ತನ್ನ ಮಾತಿಗೆ ತಾನೇ ತಪ್ಪಿದಂತಾಗುತ್ತದೆ.

ಈ ವಸ್ತುವನ್ನು ದಾರಿದೀಪವಾಗಿ ಇಟ್ಟುಕೊಂಡರೆ ನಡಿಗೆಯ ಕ್ರಮವೇ ಬದಲಾಗುತ್ತದೆ. ಆಗ ಆರಂಭ ಗುಡಿಯ ಮುಂದೆ ಆಗದೆ ಹೊಳೆಯ ದಂಡೆಯಲ್ಲಿ ಆಗುತ್ತದೆ. ನೀರಿನ ಕಡೆ ಮುಖ ಮಾಡಿ ನಿಂತು, ಉಬ್ಬರ ಇಳಿತಗಳು ಎಲ್ಲಿಯವರೆಗೆ ಮುಟ್ಟುತ್ತವೆ, ಹೂಳು ಎಲ್ಲಿ ತುಂಬಿದೆ, ಹೊಳೆಯ ನಡುವಿನ ಕುದ್ರುಗಳು, ಎಂದರೆ ನಡುಗಡ್ಡೆಗಳು, ದೋಣಿಗಳು ಹೇಗೆ ಸುತ್ತಿ ಬಳಸಿ ಹೋಗುವಂತೆ ಮಾಡುತ್ತವೆ ಎಂಬುದನ್ನು ಅರಿತ ಬಳಿಕವೇ ಊರಿನ ಒಳಗೆ ಹೆಜ್ಜೆ ಇಡಬೇಕಾಗುತ್ತದೆ. ಸಗಟು ವ್ಯಾಪಾರದ ನೆಲೆಯನ್ನು ನೆನಪಿಸುವ ಮಂಡಿಬಾಗಿಲು, ಕುದುರೆ ಸವಾರರ ನೆಲೆಯನ್ನು ಸೂಚಿಸುವ ರಾವುತಕೇರಿ, ಸೆಟ್ಟಿಕಾರರ ಮೂಡುಕೇರಿ ಮೊದಲಾದ ಜಾಗಗಳು ಆಗ ಬಿಡಿ ಹೆಸರುಗಳಾಗಿ ಉಳಿಯದೆ ಸರಕು ಇಳಿದು, ಅಳೆಯಲ್ಪಟ್ಟು, ಕಾವಲಿನಲ್ಲಿ ಕೂತು, ಮತ್ತೆ ಹೊರಟ ಹಾದಿಯ ಮಜಲುಗಳಾಗಿ ಅರ್ಥ ಪಡೆಯುತ್ತವೆ. ಗುಡಿಗೂ ಈ ಹಾದಿಯಲ್ಲಿ ಅದರದೇ ಜಾಗವಿದೆ: ವರ್ತಕ ತನ್ನ ಗಳಿಕೆಯ ಪಾಲನ್ನು ಸಮರ್ಪಿಸಿದ ಕಡೆ ಅದು, ಅವನ ಮಾತಿಗೆ ಕಲ್ಲಿನ ಸಾಕ್ಷಿ ನಿಂತ ಕಡೆಯೂ ಅದೇ. ಊರಿನಾಚೆಗೆ ಹೋದರೆ ಗದ್ದೆಗಳು: ಸದಾ ನೀರಿನ ಆಸರೆಯಿರುವ ತಗ್ಗಿನ ಬೈಲು, ಅದಕ್ಕಿಂತ ಎತ್ತರದ ಮಜಲು, ಮಳೆಯನ್ನೇ ನಂಬಿದ ಬೆಟ್ಟು ಎಂಬ ಮೂರು ಬಗೆಯ ನೆಲವನ್ನು ಏರಿಳಿಯುತ್ತ ನಡೆದರೆ ಹೊರದೇಶಕ್ಕೆ ಕಳುಹಿಸಲು ಮಿಗುವಷ್ಟು ಅಕ್ಕಿ ಇಲ್ಲಿ ಹೇಗೆ ಬೆಳೆಯುತ್ತಿತ್ತು ಎಂಬುದಕ್ಕೆ ನೆಲವೇ ಉತ್ತರ ಹೇಳುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಆ ಮಳೆಯೇ ಬೆಳೆಯನ್ನು ಕೊಟ್ಟಿತು, ಆ ಮಳೆಯೇ ನಾಲ್ಕು ತಿಂಗಳು ಕಡಲನ್ನು ಮುಚ್ಚಿ ವ್ಯಾಪಾರದ ಋತುವನ್ನು ಗೊತ್ತುಮಾಡಿತು.

ಋತುವಿನ ವಿಷಯದಲ್ಲಿ ಪ್ರಚಲಿತ ನಡಿಗೆಗಳ ದೋಷ ಇನ್ನೂ ಸ್ಪಷ್ಟವಾಗಿದೆ. ಮಳೆ ನಿಂತು ಹವೆ ಹಿತವಾದ ತಿಂಗಳುಗಳಲ್ಲಿ ಮಾತ್ರ ಅವು ನಡೆಯುವುದರಿಂದ ಊರಿನ ಅರ್ಧ ವರ್ಷ ನೋಡುಗರ ಅರಿವಿನಿಂದ ಹೊರಗುಳಿಯುತ್ತದೆ. ಆಷಾಢದಲ್ಲಿ ಹೊಳೆ ಕೆಂಪಾಗಿ ಉಕ್ಕುವುದನ್ನು ಕಾಣದವರಿಗೆ ಕಟ್ಟಡಗಳು ಎತ್ತರದ ಅಡಿಪಾಯದ ಮೇಲೆ ಏಕೆ ನಿಂತಿವೆ, ಮಾಡು ಏಕೆ ಅಷ್ಟು ಕೆಳಕ್ಕೆ ಇಳಿದಿದೆ, ಜಗಲಿ ಏಕೆ ಅಷ್ಟು ಅಗಲವಾಗಿದೆ ಎಂಬುದು ಮಾತಿನ ವಿವರಣೆಯಾಗಿಯೇ ಉಳಿಯುತ್ತದೆ. ಇಂದಿಗೂ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷಿದ್ಧ. ನೂಲಹುಣ್ಣಿಮೆಯ ಹೊತ್ತಿಗೆ ಮೊಗವೀರರು ಕಡಲಿಗೆ ಹಾಲೆರೆದು ಪೂಜೆ ಸಲ್ಲಿಸುತ್ತಾರೆ. ಗಂಗೊಳ್ಳಿಯ ದಕ್ಕೆಯಲ್ಲಿ ಮಳೆಗಾಲದಲ್ಲಿ ಸಾಲಾಗಿ ನಿಲ್ಲುವ ಬೋಟುಗಳಿಗೂ ಐದು ಶತಮಾನದ ಹಿಂದೆ ಅಳಿವೆ ತೆರೆಯುವುದನ್ನು ಕಾಯುತ್ತಿದ್ದ ಹಡಗುಗಳಿಗೂ ನಡುವೆ ಒಂದೇ ಪಂಚಾಂಗದ ನಂಟಿದೆ. ಹಾಗಾಗಿ ಬಸರೂರಿನ ನಡಿಗೆ ಬಸರೂರಿನಲ್ಲಿಯೇ ಮುಗಿಯಬಾರದು. ಅದು ಗಂಗೊಳ್ಳಿಯ ದಕ್ಕೆಗೂ, 1570ರಷ್ಟು ಹಿಂದಿನಿಂದ ತನ್ನ ಇತಿಹಾಸವನ್ನು ಗಣಿಸುವ ಕುಂದಾಪುರದ ರೋಜರಿ ಮಾತೆಯ ಇಗರ್ಜಿಗೂ ಮುಂದುವರಿಯಬೇಕು. ಕೊಂಕಣಿಯಾಡುವ ಖಾರ್ವಿಗಳು, ಮೊಗವೀರರು, ಮುಸ್ಲಿಮರು, ಕ್ರೈಸ್ತರು ಒಂದೇ ನೀರಿನ ಮೇಲೆ ದುಡಿಯುವ ಈ ಕೆಳದಂಡೆಯನ್ನು ಬಿಟ್ಟ ನಡಿಗೆಯಲ್ಲಿ ಬಂದರಿನ ಸತ್ತ ಭಾಗ ಮಾತ್ರ ಪರಂಪರೆಯಾಗಿ, ಉಸಿರಾಡುವ ಭಾಗ ಮೀನಿನ ವಾಸನೆಯಾಗಿ ಉಳಿದುಬಿಡುತ್ತದೆ.

ಕಾಲದ ಪದರಗಳನ್ನು ಬೇರ್ಪಡಿಸಿ ತೋರಿಸುವ ಹೊಣೆ ನಡಿಗೆಗೆ ಇದೆ. ಇದರಲ್ಲಿಯೇ ಅದು ಹೆಚ್ಚಾಗಿ ಎಡವುತ್ತದೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು ಕಂಡೊಡನೆ ಬಂದರಿನ ಕಾಲದ ಮನೆಯೆಂದು ಹೇಳಿಬಿಡುವುದು ಸುಲಭ. ಆದರೆ ಇಂದು ಕಾಣುವ ಚಪ್ಪಟೆಯ ಮಂಗಳೂರು ಹಂಚು ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಅದಕ್ಕೂ ಹಿಂದೆ ಇದ್ದದ್ದು ಮುಳಿಹುಲ್ಲಿನ ಹೊದಿಕೆ ಅಥವಾ ಕುಂಬಾರರು ಸುಟ್ಟ ನಾಡಹಂಚು. ಆದ್ದರಿಂದ ಹಂಚಿನ ಮನೆಯೊಂದನ್ನು ಪೋರ್ಚುಗೀಸರ ಕಾಲಕ್ಕೆ ಒಯ್ಯುವ ವಿವರಣೆ ಆ ಮನೆಗೂ ನ್ಯಾಯ ಒದಗಿಸುವುದಿಲ್ಲ, ಕಾಲಕ್ಕೂ ಒದಗಿಸುವುದಿಲ್ಲ. ಆ ಮನೆ ಅದರದೇ ಆದ ಇನ್ನೊಂದು ಕಥೆಯನ್ನು, ಬಂದರು ಕುಗ್ಗಿದ ಮೇಲೂ ಊರು ಹೊಸ ಕೈಗಾರಿಕೆಯ ವಸ್ತುವನ್ನು ತನ್ನದಾಗಿಸಿಕೊಂಡ ಕಥೆಯನ್ನು, ಹೇಳಲು ಕಾದಿರುತ್ತದೆ. ಸ್ಥಳಪುರಾಣದ ಮಾತೂ ಹಾಗೆಯೇ. ವಸು ಚಕ್ರವರ್ತಿಯ ಐತಿಹ್ಯ ಊರಿನವರ ಆತ್ಮಗೌರವದ ಭಾಗವಾಗಿದ್ದು ಅದನ್ನು ಗೌರವದಿಂದ ಕೇಳಬೇಕು. ಆದರೆ ಐತಿಹ್ಯವನ್ನು ಐತಿಹ್ಯವೆಂದೂ ಶಾಸನವನ್ನು ಶಾಸನವೆಂದೂ ಹೇಳುವ ಶಿಸ್ತನ್ನು ವಿವರಣೆಕಾರ ಬಿಡಬಾರದು. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಕಡಲ ದಾರಿಯಿಂದ ಬಂದು ಈ ಊರನ್ನು ಸೂರೆಗೊಂಡ ಘಟನೆಯೂ ಇತಿಹಾಸದ ಸತ್ಯವೇ. ಆದರೆ ಒಂದೆರಡು ದಿನದ ದಾಳಿಯೇ ಊರಿನ ಪರಿಚಯವಾಗಿ, ಆ ದಾಳಿಯನ್ನು ಸೆಳೆದಷ್ಟು ಸಂಪತ್ತನ್ನು ಶತಮಾನಗಳ ಕಾಲ ಕೂಡಿಸಿದ ದುಡಿಮೆ ಅಡಿಟಿಪ್ಪಣಿಯಾದರೆ ಅಲ್ಲಿ ಪ್ರಮಾಣ ತಪ್ಪಿದೆ ಎಂದೇ ಹೇಳಬೇಕಾಗುತ್ತದೆ.

ಜನರ ವಿಷಯದಲ್ಲಿ ಪ್ರಮಾಣ ತಪ್ಪುವುದು ಇನ್ನೂ ನೋವಿನ ಸಂಗತಿ. ವಿಲಾಸಕೇರಿ ಎಂಬ ಕೇರಿಯ ಹೆಸರು ಬಂದೊಡನೆ ಮಾತು ನಗೆಯ ಕಡೆಗೆ ಹೊರಳುವುದುಂಟು. ನೃತ್ಯ, ಸಂಗೀತಗಳನ್ನು ಕುಲವೃತ್ತಿಯಾಗಿ ಉಳಿಸಿಕೊಂಡು ದೇವಾಲಯದ ಸೇವೆಯಲ್ಲಿಯೂ ಶ್ರೀಮಂತರ ಆಶ್ರಯದಲ್ಲಿಯೂ ಬಾಳಿದ ಹೆಣ್ಣುಮಕ್ಕಳು ಬಂದರುಪಟ್ಟಣಗಳ ಕಲೆಯನ್ನು ಹೊತ್ತವರು. ಅವರ ಕೇರಿಯನ್ನು ರಂಜನೆಯ ನಿಲುಗಡೆಯಾಗಿಸುವ ನಡಿಗೆ ಅವರ ಕಲೆಯನ್ನೂ ಕಾಣದು, ಅವರು ಅನುಭವಿಸಿದ ಪರಾಧೀನತೆಯನ್ನೂ ಕಾಣದು. ಅದೇ ರೀತಿ ಹಂಜಮಾನದ ವರ್ತಕರನ್ನು ಹೊರಗಿನಿಂದ ಬಂದು ಹೋದವರೆಂದು ಒಂದು ವಾಕ್ಯದಲ್ಲಿ ಮುಗಿಸುವುದೂ ಸಲ್ಲದು. ಕರಾವಳಿಯುದ್ದಕ್ಕೂ ಕಡಲ ದುಡಿಮೆಯವರು ನಂಬುವ ಬೊಬ್ಬರ್ಯ ದೈವವನ್ನು ಕುರಿತ ಪಾಡ್ದನಗಳು, ಎಂದರೆ ದೈವದ ಹುಟ್ಟನ್ನೂ ಸಾಹಸವನ್ನೂ ಹಾಡುವ ಕಥನಗೀತೆಗಳು, ಅವನನ್ನು ಮುಸ್ಲಿಂ ವರ್ತಕನ ಮಗನೆಂದು ಹೇಳುತ್ತವೆ. ಕಡಲ ವ್ಯಾಪಾರ ತಂದ ಬೆರಕೆಯನ್ನು ಈ ನೆಲದ ಭಕ್ತಿ ತನ್ನೊಳಗೆ ಮಾಡಿಕೊಂಡ ಬಗೆ ಇದು. ಬೊಬ್ಬರ್ಯನ ಕಟ್ಟೆಯ ಮುಂದೆ ನಿಲ್ಲದ ನಡಿಗೆ ಶಾಸನದ ಹಂಜಮಾನವನ್ನು ಹೇಗೆ ವಿವರಿಸಿದರೂ ಅದು ಸತ್ತ ಪದವಾಗಿಯೇ ಉಳಿಯುತ್ತದೆ. ನಡೆಯುವವರ ನಡತೆಯೂ ಇಲ್ಲಿ ವಿಮರ್ಶೆಗೆ ಒಳಗಾಗಬೇಕು. ಕೇರಿಯೆಂದರೆ ಜನ ಬದುಕುತ್ತಿರುವ ಜಾಗ. ಅಂಗಳದಲ್ಲಿ ಅಡಕೆ ಒಣಗಿಸುತ್ತಿರುವವರು ಪ್ರದರ್ಶನದ ವಸ್ತುಗಳಲ್ಲ. ಅವರ ಒಪ್ಪಿಗೆ ಪಡೆದು, ಸಾಧ್ಯವಾದರೆ ಅವರಲ್ಲಿಯೇ ಒಬ್ಬರು ಮುಂದೆ ನಡೆದು ಹೇಳುವಂತಾದಾಗ ಮಾತ್ರ ನಡಿಗೆಗೆ ನೈತಿಕವಾದ ಹಕ್ಕು ದೊರೆಯುತ್ತದೆ.

ನಡೆದು ಅರಿಯುವ ಪರಂಪರೆ ಈ ಸೀಮೆಗೆ ಹೊಸದಲ್ಲ. ಹಿಂದಿನವರ ನಡಿಗೆಯೇ ಇಂದಿನವರ ನಡಿಗೆಗೆ ಮಾನದಂಡವಾಗಬಹುದು. ಈ ಕರಾವಳಿಯ ಹಾದಿಯಲ್ಲಿ ಜನ ಕಾಲ್ನಡಿಗೆಯಲ್ಲಿಯೇ ಓಡಾಡುತ್ತಿದ್ದರೆಂದೂ, ಸ್ವಲ್ಪ ಸ್ವಲ್ಪ ದೂರಕ್ಕೆ ಮರದ ತಂಗುಮಾಡಗಳೂ ಬಾವಿಗಳೂ ಇದ್ದುವೆಂದೂ ಇಬ್ನ್ ಬತೂತ ತಿಳಿಸುತ್ತಾನೆ. 1801ರಲ್ಲಿ ಇಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕಂಪನಿ ಸರ್ಕಾರದ ಆದಾಯದ ಕಣ್ಣಿನಿಂದ ನಾಡನ್ನು ನೋಡಿದವನೆಂಬುದು ನಿಜ. ಆದರೂ ಗದ್ದೆಯ ಬಗೆ, ಬಿತ್ತನೆಯ ಪ್ರಮಾಣ, ಗೇಣಿಯ ರೀತಿಗಳನ್ನು ಊರೂರಿನ ಒಕ್ಕಲಿಗರಲ್ಲಿ ಕೇಳಿ ಬರೆದಿಟ್ಟ ಅವನ ಶ್ರದ್ಧೆ, ಗುಡಿಯಿಂದ ಗುಡಿಗೆ ಓಡುವ ಇಂದಿನ ನಡಿಗೆಗಳಲ್ಲಿ ಅಪರೂಪ. ಪಾದೂರು ಗುರುರಾಜ ಭಟ್ಟರು ತುಳುನಾಡಿನ ಹಳ್ಳಿಹಳ್ಳಿಗಳನ್ನು ತಿರುಗಿ ಮೂರ್ತಿ, ದೇಗುಲ, ಶಾಸನಗಳನ್ನು ಕಣ್ಣಾರೆ ಕಂಡು ಪರಿಶೀಲಿಸಿ 1975ರಲ್ಲಿ ಹೊರತಂದ ತುಳುವ ಇತಿಹಾಸ, ಸಂಸ್ಕೃತಿಗಳ ಬೃಹತ್ ಗ್ರಂಥ, ಕಾಲ್ನಡಿಗೆ ವಿದ್ವತ್ತಾಗಿ ಮಾರ್ಪಡುವುದು ಹೇಗೆಂಬುದಕ್ಕೆ ಉಜ್ವಲವಾದ ನಿದರ್ಶನ. ಸೃಜನಶೀಲ ಸಾಹಿತ್ಯದಲ್ಲಿ ಈ ಕೆಲಸ ಮಾಡಿದವರು, ಬಸರೂರಿಗೆ ಹೆಚ್ಚು ದೂರವಲ್ಲದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು. ಅವರ ಮರಳಿ ಮಣ್ಣಿಗೆ ಕಾದಂಬರಿಯಲ್ಲಿ ಕಡಲಿಗೂ ಹಿನ್ನೀರಿಗೂ ನಡುವಿನ ಊರು ನೋಟವಾಗಿ ಬರುವುದಿಲ್ಲ, ದುಡಿಮೆಯಾಗಿ ಬರುತ್ತದೆ. ಹೊಳೆ ದಾಟುವುದು, ಗದ್ದೆಗೆ ನುಗ್ಗುವ ನೀರನ್ನು ತಡೆಯುವುದು, ತೇಲಿ ಬಂದ ಕಟ್ಟಿಗೆ ಆಯುವುದು ಅಲ್ಲಿ ಬದುಕಿನ ದಿನಚರಿ. ಬುಕಾನನ್ನನಿಂದ ಪ್ರಶ್ನೆ ಕೇಳುವ ಕ್ರಮವನ್ನೂ, ಗುರುರಾಜ ಭಟ್ಟರಿಂದ ಸಾಕ್ಷ್ಯದ ಶಿಸ್ತನ್ನೂ, ಕಾರಂತರಿಂದ ದುಡಿಮೆಯ ಮೇಲಿನ ಗೌರವವನ್ನೂ ಕಲಿತ ನಡಿಗೆಯೊಂದು ರೂಪುಗೊಂಡರೆ ಅದು ಬಸರೂರಿಗೆ ತಕ್ಕದ್ದಾದೀತು.

ಹೀಗೆಂದ ಮಾತ್ರಕ್ಕೆ ಎಲ್ಲವೂ ಕಾಲಿಗೆ ಎಟುಕುತ್ತದೆಂದು ಭಾವಿಸಬಾರದು. ಗೋವೆಯ ಉಗ್ರಾಣದಲ್ಲಿ ಬಸರೂರಿನ ಅಕ್ಕಿಗೆ ಕಾಯುತ್ತಿದ್ದ ಆತಂಕ, ಕೆಳದಿ ಅರಸರ ಅರಮನೆಯಲ್ಲಿ ನಡೆದ ಸಂಧಿಯ ಮಾತುಕತೆ ಇವು ಯಾವ ಕೇರಿಯಲ್ಲಿ ನಡೆದರೂ ಕಾಣಸಿಗುವುದಿಲ್ಲ. ಅವನ್ನು ದಾಖಲೆಗಳಿಂದಲೇ ಪಡೆಯಬೇಕು. ಕಲ್ಲು ಉಳಿದು ಮರ ಅಳಿಯುವುದರಿಂದ, ಗುಡಿ ಉಳಿದು ಉಗ್ರಾಣ ಅಳಿಯುವುದರಿಂದ, ಕಣ್ಣಿಗೆ ಕಾಣುವುದನ್ನೇ ನಂಬಿದ ನಡಿಗೆ ಅರಸರ, ದೇವರ ಊರನ್ನು ಕಟ್ಟಿಕೊಡುತ್ತದೆಯೇ ಹೊರತು ಹೊರೆಯಾಳಿನ, ದೋಣಿಯವನ, ಮುಡಿ ಕಟ್ಟುವವನ ಊರನ್ನು ಕಟ್ಟಿಕೊಡಲಾರದು. ಮೇಲಾಗಿ ಹೊಳೆಯ ದಾರಿಯ ಊರನ್ನು ನೆಲದ ದಾರಿಯಿಂದ ಮಾತ್ರ ನೋಡುವುದು ಅದರ ಹಿತ್ತಿಲಿನಿಂದ ನೋಡಿದಂತೆ. ಬಸರೂರಿನ ಮುಂಬಾಗಿಲು ನೀರಿನ ಕಡೆಗಿತ್ತು. ಆದ್ದರಿಂದ ಪಂಚಗಂಗಾವಳಿಯ ಮೇಲೆ ದೋಣಿಯಲ್ಲಿ ಸ್ವಲ್ಪ ದೂರವಾದರೂ ಸಾಗಿ ಊರನ್ನು ನೀರಿನಿಂದ ನೋಡುವುದನ್ನು ನಡಿಗೆಯ ಅವಿಭಾಜ್ಯ ಭಾಗವೆಂದು ಗಣಿಸಬೇಕು.

ಒಟ್ಟಾರೆ ತೀರ್ಮಾನವನ್ನು ಹೀಗೆ ಹೇಳಬಹುದು. ಬಸರೂರಿನಂಥ ಊರಿಗೆ ಜನರನ್ನು ಕರೆತಂದು ವಾಹನದಿಂದ ಇಳಿಸಿ ನಡೆಸುವ ಕ್ರಮವೇ ಒಂದು ಉಪಕಾರ. ಅದನ್ನು ಉಳಿಸಿಕೊಳ್ಳಬೇಕು, ಬೆಳೆಸಬೇಕು. ಆದರೆ ಈಗಿನ ರೂಢಿಯ ನಡಿಗೆ ಬಂದರಿನ ಫಲವನ್ನು ತೋರಿಸಿ ಬಂದರನ್ನೇ ಮರೆಸುತ್ತದೆ. ಸ್ಮಾರಕವನ್ನು ಆಯ್ದು ಸಂಬಂಧವನ್ನು ಕೈಬಿಡುತ್ತದೆ. ಇದಕ್ಕೆ ಪರಿಹಾರ ದುಬಾರಿಯದಲ್ಲ. ಆರಂಭದ ಜಾಗವನ್ನು ಹೊಳೆಯ ದಂಡೆಗೆ ಬದಲಿಸುವುದು, ಶಾಸನದ ಪಕ್ಕದಲ್ಲಿ ಅದರ ಪಾಠವನ್ನೂ ಸರಳ ಕನ್ನಡದ ಸಾರಾಂಶವನ್ನೂ ಅಕ್ಕಿಯ ಲೆಕ್ಕ ಸಮೇತ ಬರೆದಿಡುವುದು, ಮುಡಿ ಕಟ್ಟಬಲ್ಲ ಹಿರಿಯರಿಂದ ಆ ಕೆಲಸವನ್ನು ಗೌರವಧನ ಕೊಟ್ಟು ಮಾಡಿಸಿ ಎಳೆಯರಿಗೆ ಕಲಿಸುವುದು, ಮಳೆಗಾಲದಲ್ಲಿಯೂ ಒಂದು ನಡಿಗೆಯನ್ನು ಇರಿಸುವುದು, ಗಂಗೊಳ್ಳಿಯ ದಕ್ಕೆಯವರನ್ನು ವಿವರಣೆಕಾರರಾಗಿ ಸೇರಿಸಿಕೊಳ್ಳುವುದು ಇವೆಲ್ಲ ಗ್ರಾಮ ಪಂಚಾಯಿತಿ, ಶಾಲೆ, ದೇವಸ್ಥಾನಗಳ ಸಹಕಾರದಿಂದ ಆಗಬಹುದಾದ ಕೆಲಸಗಳು. ಬಸರೂರು ಜಗತ್ತಿಗೆ ಪರಿಚಯವಾದದ್ದು ಗದ್ದೆಯನ್ನು ಕಡಲಿಗೆ ಜೋಡಿಸುವ ಜಾಣ್ಮೆಯಿಂದ; ಆ ಜಾಣ್ಮೆಯ ವಾರಸುದಾರರು ಇಂದಿಗೂ ಬೈಲಿನಲ್ಲಿಯೂ ಅಳಿವೆಯಲ್ಲಿಯೂ ದುಡಿಯುತ್ತಿದ್ದಾರೆ. ಅವರನ್ನು ನೋಟದ ಅಂಚಿಗೆ ತಳ್ಳದೆ ಬಲ್ಲವರೆಂದು ಒಪ್ಪಿ ಅವರ ಹಿಂದೆ ನಡೆಯುವ ನಡಿಗೆಯೇ ಪಾರಂಪರಿಕ ಎಂಬ ವಿಶೇಷಣಕ್ಕೆ ಅರ್ಹವಾದುದು.